ಅಯ್ಯನವರಿಗೆ ಅತ್ತೆ ಕೊಡಿಸಿದ ರಜೆ

ನಮ್ಮ ಅತ್ತೆ ದೇವರಿಗೆ ಹೆದರುವವರಲ್ಲ. ದೇವರಿಗೆ ಹೆದರುವ ನಾವೆಲ್ಲ ಅತ್ತೆಗೆ ಹೆದರುತ್ತೇವೆ. ಸಾನಪಾಡಾದ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಈ ಮಾತನ್ನು ಒಪ್ಪುತ್ತಾರೆ. ಒಪ್ಪುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ, ಅಷ್ಟೆ.

ಅತ್ತೆಯೆಂದರೆ ನನ್ನ ತಂದೆಯ ತಂಗಿ. ಎಳೆಯ ಪ್ರಾಯದಲ್ಲೇ ಉಡುಪಿ ಕಡೆಯಿಂದ ನರ್ಸ್ ಕೆಲಸಕ್ಕೆಂದು ಮುಂಬಯಿಗೆ ಬಂದವರು. ಮದುವೆಯ ಮಾತೆತ್ತಿದವರಿಗೆಲ್ಲ "ಇವತ್ತು ಡ್ಯೂಟಿ ಉಂಟು" ಎಂದು ಹೇಳಿ ಹೇಳಿಯೇ ಮದುವೆಯ ವಯಸ್ಸನ್ನು ದಾಟಿಸಿಬಿಟ್ಟರು. ಕಡೆಗೊಂದು ದಿನ ಆಸ್ಪತ್ರೆ ಅವರನ್ನು ಹೂಗುಚ್ಛ ಕೊಟ್ಟು ಬಿಟ್ಟಿತು. ಅವರು ಆಸ್ಪತ್ರೆಯನ್ನು ಬಿಡಬೇಕಲ್ಲ? ನಮ್ಮ ಸಭೆಯನ್ನೇ ಒಂದು ವಾರ್ಡ್ ಮಾಡಿಕೊಂಡರು.

ನಮ್ಮ ಆರಾಧನೆ ನಡೆಯುವುದು ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ. ಭಾನುವಾರ ಬೆಳಿಗ್ಗೆ ಅದರ ಬಾಗಿಲಲ್ಲಿ ಅತ್ತೆ ಬಿ.ಪಿ. ಮೆಷೀನು ಇಟ್ಟುಕೊಂಡು ಕೂರುತ್ತಾರೆ. ಕೈ ಕುಲುಕಲೆಂದು ಯಾರಾದರೂ ಕೈ ಚಾಚಿದರೆ ಆ ಕೈಗೆ ಪಟ್ಟಿ ಬಿತ್ತೆಂದೇ ತಿಳಿಯಿರಿ. ಬಿ.ಪಿ. ಹೆಚ್ಚಿದ್ದವರು ಒಳಗೆ ಹೋಗಿ ಪ್ರಾರ್ಥನೆ ಮಾಡಬಹುದು; ಪ್ರಾರ್ಥನೆ ಮುಗಿದ ಮೇಲೆ ಸಭಾಪಾಲಕರ ಹತ್ತಿರ ಹೋಗಿ ದೂರು ಹೇಳುವಂತಿಲ್ಲ. "ನೀನು ಮೊದಲು ಕೂತ್ಕೊ. ನೀರು ಕುಡಿ. ಬಿ.ಪಿ. ಇಳಿದ ಮೇಲೂ ದೂರು ಉಳಿದಿದ್ರೆ ಆಗ ಹೋಗಿ ಹೇಳು." ಒಂದು ಲೋಟ ನೀರು ಕುಡಿದ ಮೇಲೂ ಉಳಿಯುವಷ್ಟು ಗಟ್ಟಿಯಾದ ದೂರು ನಮ್ಮಲ್ಲಿ ಹೆಚ್ಚಿಲ್ಲವೆಂಬುದು ಹೀಗೆ ಪತ್ತೆಯಾಯಿತು.

ಸಭಾಪಾಲಕರ ಪ್ರಸಂಗದ, ಅಂದರೆ ಉಪದೇಶದ, ನಡುವೆ ಎದ್ದು ನಿಂತು, "ಅಯ್ಯನವರೇ, ಒಂದು ಗುಟುಕು ನೀರು ಕುಡಿದು ಮುಂದುವರಿಸಿ" ಎನ್ನುವುದೂ ಅವರೇ. ಪಾಪಿಗಳು ಪಶ್ಚಾತ್ತಾಪಪಡುವ ಗಳಿಗೆ ಹತ್ತಿರ ಬಂದಿದ್ದರೂ ಸರಿ, ನೀರು ಕುಡಿಯುವ ತನಕ ಅವರು ಕೂರುವುದಿಲ್ಲ. ಪಾಪಿಗಳು ಕಾಯಬೇಕು.

ಇಷ್ಟೆಲ್ಲ ಬಾಯಿ ಇರುವ ಅತ್ತೆ ಬಾಯಿಬಿಟ್ಟು ಪ್ರಾರ್ಥನೆ ಮಾಡಿದ್ದನ್ನು ಮಾತ್ರ ಯಾರೂ ಕೇಳಿದವರಿಲ್ಲ. ಮನೆಕೂಟಗಳಲ್ಲಿ ನಾವು ವೃತ್ತವಾಗಿ ಕುಳಿತು ಒಬ್ಬೊಬ್ಬರಾಗಿ ಪ್ರಾರ್ಥಿಸುವ ಪದ್ಧತಿ. ಸರದಿ ಅತ್ತೆಯ ಹತ್ತಿರ ಬಂದರೆ ಅವರು ಪಕ್ಕದವರ ಮೊಣಕೈ ತಿವಿದು ಮುಂದೆ ದಾಟಿಸುತ್ತಾರೆ. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ದೇವರು ದೊಡ್ಡ ಡಾಕ್ಟ್ರಲ್ವಾ? ರೌಂಡ್ಸಿಗೆ ಬಂದಾಗ ನರ್ಸು ಭಾಷಣ ಮಾಡುದಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ."

ಇನ್ನು ನಾನು. ಈ ಸಭೆಯ ಕಾರ್ಯದರ್ಶಿ. ಬೇಲಾಪುರದ ಒಂದು ಕಚೇರಿಯಲ್ಲಿ ಕೆಲಸ. ಚಿಂತೆ ಮಾಡುವುದು ಹುಟ್ಟುಗುಣ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ಮನೆಗೆ ಓಡಿ ಬರುತ್ತಿದ್ದೆನೆಂದು ಹೆಂಡತಿ ಕರೆಂಟಿನ ಒಲೆ ತಂದಳು. ಈಗ ಶಾರ್ಟ್ ಸರ್ಕ್ಯೂಟಿನ ಚಿಂತೆಗೆ ಓಡಿ ಬರುತ್ತೇನೆ. ಆರೋಗ್ಯಕ್ಕೆ ಓಟ ಒಳ್ಳೆಯದಂತೆ.

ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಕಲಬುರಗಿ ಕಡೆಯವರು. ಇನ್ನೂ ಪ್ರಾಯದ ಮನುಷ್ಯ. ಭಾನುವಾರ ಬೆಳಿಗ್ಗೆ ಸಾನಪಾಡಾ, ಮಧ್ಯಾಹ್ನ ಡೊಂಬಿವಿಲಿ, ಸಂಜೆ ಕಲ್ಯಾಣದ ಕಟ್ಟಡ ಕಾರ್ಮಿಕರ ಗುಡಿಸಲ ಬಸ್ತಿ: ಮೂರು ಕಡೆ ಆರಾಧನೆ, ನಡುವೆ ಲೋಕಲ್ ರೈಲು. ವಾರವಿಡೀ ಆಸ್ಪತ್ರೆ, ಶಾಲೆಯ ಅಡ್ಮಿಷನ್, ಆಧಾರ್ ಕಾರ್ಡಿನಲ್ಲಿ ತಪ್ಪಾದ ಹೆಸರು, ಕಾಂಟ್ರಾಕ್ಟರನ ಜೊತೆ ಜಗಳ, ಮುನಿಸಿಕೊಂಡ ದಂಪತಿ. ಅವರ ಫೋನು ತಣ್ಣಗಿದ್ದುದನ್ನು ನಾನು ಮುಟ್ಟಿ ನೋಡಿಲ್ಲ. ಇದರ ಮೇಲೆ ಹಾಡಿನ ಗಲಾಟೆ ಬೇರೆ. ನಮ್ಮಲ್ಲಿ ಕರಾವಳಿಯವರೂ ಕಲಬುರಗಿ-ರಾಯಚೂರಿನವರೂ ಒಂದೇ ಕೀರ್ತನೆಯನ್ನು ಎರಡು ರಾಗದಲ್ಲಿ ಹಾಡುತ್ತೇವೆ. ನಮ್ಮದು ಹಾರ್ಮೋನಿಯಂ ಎಳೆದಷ್ಟೂ ಎಳೆಯುವ ರಾಗ, ಅವರದು ಢೋಲಕಿ ಹೊಡೆತಕ್ಕೆ ಓಡುವ ರಾಗ. ಇಲ್ಲೇ ಹುಟ್ಟಿದ ಹುಡುಗರು ಮೊಬೈಲಿನಲ್ಲಿ ಹಿಂದಿ ಅಕ್ಷರದಲ್ಲಿ ಬರೆದುಕೊಂಡ ಕನ್ನಡವನ್ನು ಮೂರನೆಯ ರಾಗದಲ್ಲಿ ಹಾಡುತ್ತಾರೆ. ಅಯ್ಯನವರು ನಡುವೆ ನಿಂತು, ಟ್ರಾಫಿಕ್ ಪೊಲೀಸನಂತೆ ಎರಡೂ ಕೈ ಬೀಸಿ ಎಲ್ಲರನ್ನೂ ಕೊನೆಯ ಸಾಲಿಗೆ ಮುಟ್ಟಿಸುತ್ತಾರೆ. ಆಮೇಲೆ ಎರಡೂ ಕಡೆಯವರು ಬಂದು, "ನಮ್ಮ ರಾಗಕ್ಕೆ ಮರ್ಯಾದೆ ಇಲ್ಲ" ಎನ್ನುತ್ತಾರೆ.

ಒಂದು ದಿನ ಕಲ್ಯಾಣದಿಂದ ಬರುವಾಗ ನಾವಿಬ್ಬರೂ ಠಾಣೆ ಸ್ಟೇಷನ್ನಿನಲ್ಲಿ ಇಳಿದು ಸಾನಪಾಡಾದ ಗಾಡಿ ಹತ್ತಿದೆವು. ಕೂರಲು ಜಾಗವೂ ಸಿಕ್ಕಿತು. ಒಳ್ಳೆಯದಾದರೆ ಮುಂದೆ ಏನೋ ಕೆಟ್ಟದ್ದಿದೆ ಎಂದು ನನಗೆ ಆಗಲೇ ಚಿಂತೆ. ಅಯ್ಯನವರು ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಕಾರ್ಯದರ್ಶಿಗಳೇ, ಯಾರಿಗೂ ಹೇಳಬ್ಯಾಡ್ರಿ. ನಾ ಬಿಡ್ಬೇಕಂತ ಮಾಡೀನಿ. ಊರಾಗ ನಮ್ಮ ಮಾವಂದು ಅಂಗಡಿ ಅದ. ಬಾ ಅಂತ ಕರೀಲತ್ತಾನ."

"ಯಾಕೆ ಅಯ್ಯನವರೇ? ಯಾರಾದರೂ ಏನಾದರೂ ಅಂದರಾ?"

"ಯಾರೇನಂದಿಲ್ರಿ. ಮನ್ನಿ ಪ್ರಸಂಗ ಮಾಡೂ ಮುಂದ, ದೇವರು ನಿಮ್ಮ ಭಾರ ಹೊರತಾನ ಅಂದೆ. ಅಂದವಗೇ ನಂಬಿಕಿ ಬರಲಿಲ್ಲ. ಸಾಕಾಗ್ಯದ. ಅಷ್ಟ."

ಯಾರಿಗೂ ಹೇಳಬೇಡಿ ಎಂದಿದ್ದರು. ನಾನು ಯಾರಿಗೂ ಹೇಳಲಿಲ್ಲ; ಅತ್ತೆಗೆ ಮಾತ್ರ ಹೇಳಿದೆ. ಅವರು ಬಟಾಣಿ ಸುಲಿಯುತ್ತಿದ್ದರು. "ಕಣ್ಣಿನ ಕೆಳಗೆ ಕಪ್ಪು ನೋಡಿ ನನಗೆ ಗೊತ್ತಾಗಿತ್ತು" ಎಂದು ಸುಲಿಯುವುದನ್ನು ಮುಂದುವರಿಸಿದರು.

ನಾನು ಚಿಂತೆ ಮಾಡಿ ಮಾಡಿ ಒಂದು ಉಪಾಯ ಹುಡುಕಿದೆ: ಸಭಾಪಾಲಕರ ಸನ್ಮಾನ! ಮೂರು ಕಡೆಯವರೂ ಸಾನಪಾಡಾದಲ್ಲಿ ಕೂಡುವುದು; ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣಗಳು. ಪ್ರೋತ್ಸಾಹವೆಂದರೆ ಇದೇ ತಾನೆ? ಕಮಿಟಿ ಕೂಡಿತು. ಅಧ್ಯಕ್ಷತೆ ಯಾರದು? ರೂಢಿಯಂತೆ ಅಯ್ಯನವರದೇ. ಊಟಕ್ಕೆ ರೊಟ್ಟಿ ಎಂದು ಎಲ್ಲರೂ ಒಮ್ಮತದಿಂದ ಒಪ್ಪಿ, ಜೋಳದ ರೊಟ್ಟಿಯೋ ಕೋಳಿ ಸಾರಿನ ಜೊತೆಗಿನ ನಮ್ಮ ಕೋರಿ ರೊಟ್ಟಿಯೋ ಎಂದು ಸಂಜೆಯ ತನಕ ಹೊಡೆದಾಡಿದರು. ಬಿಡಿಸಿದವರು ಯಾರು? ಅಯ್ಯನವರು. ಹಾಲಿನ ಬುಕಿಂಗು, ಡೊಂಬಿವಿಲಿಯಿಂದ ಮೈಕು ತರುವುದು, ಅವರದೇ ದೊಡ್ಡ ಫೋಟೊ ಮಾಡಿಸಿ ಚೌಕಟ್ಟು ಹಾಕಿಸುವುದು, ಎಲ್ಲ ಅವರ ಪಾಲಿಗೇ ಬಂತು. ಕೊನೆಗೆ ಯಾರೋ, "ವಂದನಾರ್ಪಣೆ ಯಾರು ಮಾಡುದು?" ಎಂದರು. ಎಲ್ಲರೂ ಸನ್ಮಾನಿತರ ಮುಖ ನೋಡಿದರು. "ಆಗ್ಲಿ, ನಾನ ಮಾಡ್ತೀನಿ" ಎಂದರು ಅವರು. ನನ್ನ ಪ್ರೋತ್ಸಾಹದಿಂದ ಅವರು ಊರಿನ ಅಂಗಡಿಗೆ ಇನ್ನೊಂದು ಹೆಜ್ಜೆ ಹತ್ತಿರವಾದರು.

ಅತ್ತೆ ಕಮಿಟಿಯಲ್ಲಿ ಒಂದು ಮಾತೂ ಆಡಲಿಲ್ಲ. ನನಗೆ ಆಗಲೇ ಗಾಬರಿಯಾಗಬೇಕಿತ್ತು. ಸನ್ಮಾನದ ಹಿಂದಿನ ದಿನ ನನ್ನನ್ನು ಎಳೆದುಕೊಂಡು ಅಯ್ಯನವರ ಮನೆಗೆ ಹೋದರು. ಬಾಗಿಲು ತೆರೆದ ಅವರ ಹೆಂಡತಿ ಪಾಸ್ಟರಮ್ಮನಿಗೆ "ಚಾ ಬೇಡ" ಎಂದು ಹೇಳಿ, ಅಯ್ಯನವರ ಎದುರು ಕುರ್ಚಿ ಎಳೆದು ಕುಳಿತರು.

"ನೋಡಿ ಅಯ್ಯನವರೇ. ನಾನು ಇಷ್ಟು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು. ನಮ್ಮಲ್ಲಿ ಒಂದು ನಿಯಮ ಉಂಟು. ಮುಂದಿನ ನರ್ಸು ಬರುವ ತನಕ ಯಾರೂ ವಾರ್ಡ್ ಬಿಟ್ಟು ಹೋಗುವಂತಿಲ್ಲ. ಆದರೆ ಮುಂದಿನ ನರ್ಸು ಬಂದೇ ಬರ್ತಾಳೆ. ನಿಮ್ಮ ಮುಂದಿನ ನರ್ಸು ಬರ್ಲೇ ಇಲ್ಲ. ಈಗ ಬಂದಿದ್ದೇವೆ. ಚಾರ್ಜು ಕೊಡಿ."

"ಏನ್ ಕೊಡ್ಲಿ ಅಮ್ಮಾರ?"

"ನಾಳೆ ಯಾರಿಗೆ ಏನು ಬೇಕು, ಬಾಯಲ್ಲಿ ಹೇಳಿ. ಇವನು ಕೇಳಿಸಿಕೊಳ್ತಾನೆ."

ಇವನು ಎಂದರೆ ನಾನು. ಅಯ್ಯನವರು ಮೊದಲು ನಕ್ಕರು. ಅತ್ತೆ ನಗಲಿಲ್ಲವಾದ್ದರಿಂದ ಹೇಳತೊಡಗಿದರು. ಡೊಂಬಿವಿಲಿಯ ಅಣ್ಣತಮ್ಮಂದಿರನ್ನು ಒಂದೇ ಸಾಲಿನಲ್ಲಿ ಕೂರಿಸಬಾರದು. ಕಲ್ಯಾಣದ ಅಜ್ಜನ ಹತ್ತಿರ ಮೊದಲು ಕ್ರಿಕೆಟ್ ಮಾತಾಡಬೇಕು, ಆಮೇಲೆ ಸ್ವರ್ಗ. ಹುಡುಗರು ಹಿಂದಿಯಲ್ಲಿ ಉತ್ತರ ಕೊಟ್ಟರೆ ಬಯ್ಯಬಾರದು. ಬಂದರಲ್ಲ, ಅದೇ ದೊಡ್ಡದು. ಹೇಳುತ್ತ ಹೇಳುತ್ತ ಅವರ ಹೆಗಲು ಇಳಿಯುತ್ತ ಬಂತು.

"ಯಾರಾದ್ರೂ ಬಿಟ್ಟು ಹೋದ್ರಾ?" ಅತ್ತೆ ಕೇಳಿದರು.

"ಇಲ್ರಿ. ಎಲ್ಲಾರ್ದೂ ಹೇಳೀನಿ."

"ಒಬ್ಬರು ಬಿಟ್ಟು ಹೋಗಿದ್ದಾರೆ. ನಿಧಾನ ನೆನಪು ಮಾಡಿ" ಎಂದು ಅತ್ತೆ ಎದ್ದರು. ಮೇಜಿನ ಮೇಲಿದ್ದ ಅವರ ಫೋನನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ನಾಳೆ ನೀವಿಬ್ಬರೂ ಹಾಲಿನ ಕಡೆ ತಲೆ ಹಾಕಿದ್ರೆ ನನ್ನಷ್ಟು ಕೆಟ್ಟವಳು ಇಲ್ಲ."

ಪಾಸ್ಟರಮ್ಮ ಸೆರಗಿನ ತುದಿ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಅಮ್ಮಾ, ಸೀವುಡ್ಸ್ ಕಡೆ ಸಮುದ್ರದ ಖಾಡಿ ನೀರಾಗ ಗುಲಾಬಿ ಹಕ್ಕಿ ಬಂದಾವಂತ. ನಾ ಇಲ್ಲಿ ಬಂದಾಗಿಂದ ನೋಡ್ಬೇಕಂತೀನಿ. ಹೋಗಬಹುದೇನ್ರಿ?"

"ಫ್ಲೆಮಿಂಗೊ? ಹೋಗಿ. ನಿಮ್ಮ ಫೋನು ನಿಮ್ಮತ್ರ ಇರ್ಲಿ, ಫೋಟೊ ತೆಗೀಲಿಕ್ಕೆ ಮಾತ್ರ."

ದಾರಿಯಲ್ಲಿ ನಾನು ಕೇಳಿದೆ: "ಅತ್ತೆ, ನಾಳೆ ಪ್ರಸಂಗ ಯಾರು ಮಾಡುವುದು?"

ಅತ್ತೆ ನನ್ನನ್ನು ನೋಡಿದರು. ನನ್ನ ಬಿ.ಪಿ. ನೋಡಲು ಆಗ ಅವರ ಹತ್ತಿರ ಮೆಷೀನು ಇರಲಿಲ್ಲ.

ಭಾನುವಾರ ಹಾಲು ತುಂಬಿತು. "ಅಯ್ಯನವರು ಇವತ್ತು ಡ್ಯೂಟಿಯಲ್ಲಿಲ್ಲ. ನಾವಿದ್ದೇವೆ" ಎಂದು ಅತ್ತೆ ಮೈಕಿನಲ್ಲಿ ಹೇಳಿ ಕುಳಿತರು. ಸನ್ಮಾನಿತರೇ ಇಲ್ಲದ ಸನ್ಮಾನ! ಜನ ಮುಖ ಮುಖ ನೋಡಿಕೊಂಡರು. ಮೊದಲ ಕೀರ್ತನೆಗೆ ಹಾರ್ಮೋನಿಯಂ ಒಂದು ಕಡೆ, ಢೋಲಕಿ ಒಂದು ಕಡೆ ಹೊರಟವು. ಕೈ ಬೀಸುವವರಿಲ್ಲ. ಎರಡನೆಯ ಚರಣದ ಹೊತ್ತಿಗೆ ಠಾಣೆ ಸ್ಟೇಷನ್ನಿನ ಸಂಜೆಯ ಹಾಗಾಯಿತು. ನಾನು ಕಣ್ಣು ಮುಚ್ಚಿದೆ, ಭಕ್ತಿಯಿಂದಲ್ಲ. ಆಮೇಲೊಂದು ವಿಚಿತ್ರ ನಡೆಯಿತು. ಢೋಲಕಿಯವರು ಮೊದಲು ಮುಗಿಸಿ ಕೊನೆಯ ಸಾಲಿನ ಹತ್ತಿರ ನಿಂತು ಕಾದರು. ಹಾರ್ಮೋನಿಯಂನವರು ಜನ್ಮದಲ್ಲಿ ಮೊದಲ ಸಲ ಅವಸರ ಮಾಡಿದರು. ಹುಡುಗರೂ ಸೇರಿ ಕೊನೆಯ ಸಾಲನ್ನು ಎಲ್ಲರೂ ಒಟ್ಟಿಗೆ ಹಾಡಿದಾಗ ಶಾಲೆಯ ತಗಡಿನ ಮಾಡು ಕಂಪಿಸಿತು. ಅಯ್ಯನವರು ಕೈ ಬೀಸಿದ ಯಾವ ಭಾನುವಾರವೂ ನಾವು ಹಾಗೆ ಹಾಡಿದ್ದಿಲ್ಲ.

ಆ ಗೆಲುವಿನ ಅಮಲಿನಲ್ಲೇ ನಾವೊಂದು ತಪ್ಪು ಮಾಡಿದೆವು. ತಂದ ಹಾರ ಬಾಡುತ್ತಿತ್ತು. ಅಯ್ಯನವರ ದೊಡ್ಡ ಫೋಟೊವನ್ನು ಅವರ ಕುರ್ಚಿಯ ಮೇಲಿಟ್ಟು, ಅದಕ್ಕೇ ಶಾಲು ಹೊದೆಸಿ, ಹಾರ ಹಾಕಿದೆವು. ಚೆನ್ನಾಗಿ ಕಾಣಲೆಂದು ಎರಡೂ ಬದಿಗೆ ಮೇಣದಬತ್ತಿ ಹಚ್ಚಿದ ಮಹಾನುಭಾವ ನಾನೇ.

ಪ್ರಸಂಗಕ್ಕೆ ನಿಂತೆ. "ಚಿಂತೆ ಮಾಡಬಾರದು" ಎಂಬ ವಿಷಯವನ್ನು ರಾತ್ರಿಯಿಡೀ ಚಿಂತೆ ಮಾಡಿ ತಯಾರಿಸಿದ್ದೆ. ಬಾಯಿ ತೆರೆದೆ, ಎಲ್ಲ ಮರೆತುಹೋಯಿತು. ಆಗಲೇ ಅತ್ತೆಯ ಚೀಲದಲ್ಲಿದ್ದ ಅಯ್ಯನವರ ಫೋನು ಹೊಡೆದುಕೊಂಡಿತು. ಅತ್ತೆ ಎತ್ತಿದರು. ನಿಶ್ಶಬ್ದ ಹಾಲಿನಲ್ಲಿ ಆಚೆಯ ಧ್ವನಿ ಮುಂದಿನ ಸಾಲಿಗೆಲ್ಲ ಕೇಳಿಸಿತು: "ಅಮ್ಮಾರ, ನಾನ್ರಿ. ಎಲ್ಲಾ ಸರಿ ನಡದದ ಏನ್ರಿ?"

"ರಾಂಗ್ ನಂಬರ್" ಎಂದು ಅತ್ತೆ ಫೋನನ್ನು ತೊಡೆಯ ಮೇಲಿಟ್ಟುಕೊಂಡರು.

ಅದೇ ಗಳಿಗೆಗೆ ಹಿಂದಿನ ಬಾಗಿಲಿನಿಂದ ಕಲ್ಯಾಣದ ಒಂದು ಕುಟುಂಬ ತಡವಾಗಿ ಒಳಗೆ ಬಂತು. ಕಟ್ಟಡದಲ್ಲಿ ಇಟ್ಟಿಗೆ ಹೊರುವ ಅವ್ವ, ಮಗ, ಸೊಸೆ. ಅವರು ನೋಡಿದ್ದೇನು? ಹಾರ ಹಾಕಿದ ಫೋಟೊ, ಮೇಣದಬತ್ತಿ, ಪಕ್ಕದಲ್ಲಿ ಮಾತು ಹೊರಡದೆ ಬಾಯಿ ತೆರೆದು ನಿಂತ ನಾನು.

"ಅಯ್ಯೋ ನಮ್ಮಪ್ಪಾ!" ಆ ಅವ್ವ ಎದೆ ಬಡಿದುಕೊಂಡು ನೆಲಕ್ಕೆ ಕುಳಿತಳು. ಅವರ ಕಡೆ ಸತ್ತವರ ಗುಣಗಳನ್ನು ಹಾಡಿಕೊಂಡು ಅಳುತ್ತಾರೆ. ನಡುವೆ ತಡೆಯುವುದು ಯಾರಿಂದಲೂ ಆಗದು. "ನನ್ನ ಮಗ ಕಟ್ಟಡದ ಅಟ್ಟಣಿಗಿ ಮ್ಯಾಲಿಂದ ಬಿದ್ದಾಗ ದವಾಖಾನಿ ಬಾಗಲದಾಗ ಕುಂತಿದ್ಯಲ್ಲೋ ಎಪ್ಪಾ... ಸೊಸಿಯ ಹೆರಿಗಿಗಿ ನಿನ್ನ ರಕ್ತ ಕೊಟ್ಯಲ್ಲೋ... ನಮ್ಮ ಮನಿ ಸೋರ್ತದಂತ ತಗಡ ಹೊತ್ತು ತಂದ್ಯಲ್ಲೋ... ಹಸಿವಿಲ್ಲವ್ವಾ ಅಂತ ಅಂದು ನಮ್ಮ ರೊಟ್ಟಿ ನಮಗ ಉಳಸ್ತಿದ್ಯಲ್ಲೋ... ನಿನಗ ಒಂದ್ ದಿನಾ ಉಂಡೇನೋ ಅಂತ ಕೇಳಲಿಲ್ಲಲ್ಲೋ ನಮ್ಮಪ್ಪಾ..."

ನಾನು ಮೈಕಿನಲ್ಲೇ ಕೂಗಿದೆ: "ಅವ್ವಾ, ಅಳಬೇಡಿ! ಅಯ್ಯನವರು ಚೆನ್ನಾಗಿದ್ದಾರೆ. ಹಕ್ಕಿ ನೋಡುತ್ತಿದ್ದಾರೆ!"

"ಸ್ವರ್ಗದಾಗ?" ಎಂದು ಅವಳು ಬಿಕ್ಕಿದಳು.

"ಅಲ್ಲ, ಸೀವುಡ್ಸ್‌ನಲ್ಲಿ!"

ಮೊದಲು ಒಬ್ಬರು ನಕ್ಕರು, ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಅವ್ವ ಕಣ್ಣೊರೆಸಿಕೊಂಡು ನನಗೆ ಚೆನ್ನಾಗಿ ಬಯ್ದಳು: "ಜೀವಂತ ಮನಷ್ಯಾಗ ಮಾಲಿ ಹಾಕಿ ದೀಪ ಹಚ್ಚೀರಲ್ಲ, ಬುದ್ಧಿ ಅದನೋ ಇಲ್ಲೋ ನಿಮಗ?" ಕಾರ್ಯದರ್ಶಿಯಾಗಿ ನಾನು ಅದನ್ನು ದಾಖಲಿಸಿಕೊಂಡೆ, ಮನಸ್ಸಿನಲ್ಲಿ.

ನಗು ನಿಂತಿತು; ಅವ್ವನ ಹಾಡಿನ ಕೊನೆಯ ಸಾಲು ನಿಲ್ಲಲಿಲ್ಲ. ಉಂಡಿರಾ ಎಂದು ಅಯ್ಯನವರನ್ನು ಕೇಳಿದವರು ನಮ್ಮಲ್ಲಿ ಯಾರು? ನಾನಂತೂ ಅಲ್ಲ. ಪ್ರತಿ ಮನೆಯಲ್ಲೂ ಬಡಿಸಿದ್ದೇವೆ. ಬಡಿಸುತ್ತ ನಮ್ಮ ಕಷ್ಟ ಹೇಳಿದ್ದೇವೆ. ಅತ್ತೆ ಎದ್ದು ನಿಂತರು. "ಪ್ರಸಂಗ ಆಯ್ತು. ಇದಕ್ಕಿಂತ ಒಳ್ಳೆದು ಇವನ ಹತ್ರ ಇಲ್ಲ. ಅಯ್ಯನವರ ಕೆಲಸ ಹಂಚಿಕೊಳ್ಳಲಿಕ್ಕೆ ಮುಂದಿನ ತಿಂಗಳ ಡ್ಯೂಟಿಗೆ ಯಾರೆಲ್ಲ ಬರ್ತೀರಿ, ಕೈ ಎತ್ತಿ." ಡೊಂಬಿವಿಲಿಯ ಅಣ್ಣ ಎತ್ತಿದ. ಅಣ್ಣ ಎತ್ತಿದನೆಂದು ತಮ್ಮನೂ ಎತ್ತಿದ. ಹುಡುಗರು "ಹಮ್ ಭೀ, ಆಂಟಿ" ಎಂದರು. ಕಲ್ಯಾಣದ ಅಜ್ಜ ಎರಡೂ ಕೈ ಎತ್ತಿದರು. ಆ ದಿನ ಜೋಳದ ರೊಟ್ಟಿಯನ್ನು ಕೋಳಿ ಸಾರಿನಲ್ಲಿ ಅದ್ದಿ ತಿಂದೆವು. ಕಮಿಟಿಯಲ್ಲಿ ಯಾಕೆ ಅಷ್ಟು ಹೊಡೆದಾಡಿದೆವೋ ಯಾರಿಗೂ ನೆನಪಾಗಲಿಲ್ಲ.

ಸಂಜೆ ಅತ್ತೆಯ ಮನೆಗೆ ಅಯ್ಯನವರು, ಪಾಸ್ಟರಮ್ಮ ಬಂದರು. ಫೋನು ವಾಪಸು ಕೇಳಲು ಬಂದದ್ದು. ಬಿಸಿಲಿಗೆ ಇಬ್ಬರ ಮುಖವೂ ಕೆಂಪಾಗಿತ್ತು. ಅಯ್ಯನವರು ಸೋಫಾದ ಮೇಲೆ ಕುಳಿತರು.

"ಅಮ್ಮಾರ, ರಾಂಗ್ ನಂಬರ್ ಅಂದ್ರಿ ಖರೆ. ಫೋನ್ ಕಟ್ ಮಾಡಲಿಲ್ಲ ನೀವು."

"ಹೌದಾ?" ಎಂದರು ಅತ್ತೆ. ವರ್ಷಗಟ್ಟಲೆ ಆಸ್ಪತ್ರೆಯ ಯಂತ್ರಗಳನ್ನೆಲ್ಲ ನಿಭಾಯಿಸಿದ ಕೈಗೆ ಒಂದು ಫೋನು ಕಟ್ ಮಾಡಲು ಬರಲಿಲ್ಲವೇ? ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಪಾಸ್ಟರಮ್ಮ ನಗುತ್ತ ಹೇಳಿದರು: "ಹಕ್ಕಿ ಎಲ್ಲಾ ನಾನ ನೋಡ್ದೆ ಅಮ್ಮಾ. ಇವರು ನನ್ನ ಫೋನ್ ಕಿವಿಗಿ ಹಿಡಕೊಂಡು, ತಮ್ಮ ಸಾವಿಗಿ ತಾವ ಅಳ್ಕೋತ ಕುಂತಿದ್ರು."

"ತಗಡು ತಂದಿದ್ದು ನನಗ ನೆನಪೇ ಇರಲಿಲ್ರಿ" ಎಂದರು ಅಯ್ಯನವರು. "ಆಕಿಗಿ ನೆನಪದ." ಆಮೇಲೆ ನನ್ನ ಕಡೆ ತಿರುಗಿದರು. "ಮಾವಗ ಹೇಳ್ದೆ. ಅಂಗಡಿಗಿ ಬ್ಯಾರೆ ಯಾರನ್ನರ ನೋಡ್ಕೋ ಅಂತ."

ನನಗೆ ಎದ್ದು ಕುಣಿಯಬೇಕೆನಿಸಿತು. ಕೆಳಗಿನ ಮನೆಯವರು ಸೊಸೈಟಿಗೆ ದೂರು ಕೊಟ್ಟಾರೆಂಬ ಚಿಂತೆಯಿಂದ ಕುಳಿತೇ ಇದ್ದೆ.

ಅತ್ತೆ ಸೋಫಾದ ಹತ್ತಿರ ಕುರ್ಚಿ ಎಳೆದುಕೊಂಡರು. "ನಿನ್ನೆ ಒಬ್ಬರು ಬಿಟ್ಟು ಹೋಗಿದ್ದಾರೆ ಅಂದಿದ್ದೆ. ನೆನಪಾಯ್ತಾ?"

"ಆತ್ರಿ" ಎಂದರು ಅಯ್ಯನವರು. "ಆದ್ರ ನನಗ ಏನ್ ಬೇಕು ಅಂತ ಕೇಳ್ಕೋಳ್ಳಿಕ್ಕ ಬರಲ್ರಿ ಅಮ್ಮಾರ. ಮಂದೀದ ಕೇಳಿ ರೂಢಿ."

ಅತ್ತೆ ಜ್ವರ ನೋಡುವವರಂತೆ ಅವರ ಹಣೆಯ ಮೇಲೆ ಕೈಯಿಟ್ಟರು. ಆ ಕೈ ಅಲ್ಲೇ ನಿಂತಿತು. ಆಮೇಲೆ, ನನ್ನ ಜೀವಮಾನದಲ್ಲಿ ಮೊದಲ ಸಲ, ಅತ್ತೆ ಬಾಯಿಬಿಟ್ಟು ಪ್ರಾರ್ಥಿಸಿದ್ದನ್ನು ಕೇಳಿದೆ.

"ದೇವರೇ, ಈ ಹುಡುಗನಿಗೆ ನಿದ್ದೆ ಕೊಡು. ಉಳಿದದ್ದು ನಾವು ನೋಡ್ತೇವೆ."

ಇನ್ನೂ ಏನಾದರೂ ಬರುತ್ತದೆಂದು ಕಾದೆ. ಬರಲಿಲ್ಲ. "ಆಮೆನ್" ಎಂದೆ.

"ಮೆಲ್ಲಗೆ ಹೇಳು ಮಾರಾಯ" ಎಂದು ಅತ್ತೆ ಪಿಸುಗುಟ್ಟಿದರು. "ಈಗಷ್ಟೇ ಕಣ್ಣು ಹತ್ತಿದೆ."

ನಿಜ. ಅಯ್ಯನವರು ಕುಳಿತಲ್ಲೇ, ಬಾಯಿ ಸ್ವಲ್ಪ ತೆರೆದು, ಮಗುವಿನಂತೆ ನಿದ್ದೆಹೋಗಿದ್ದರು. ಪಾಸ್ಟರಮ್ಮ ಬೇರೆ ಕಡೆ ಮುಖ ತಿರುಗಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅತ್ತೆ ಹಣೆಯ ಮೇಲಿನ ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ಚೀಲದೊಳಗೆ ಅಯ್ಯನವರ ಫೋನು ಗುಂಯ್‌ಗುಟ್ಟತೊಡಗಿತು. ಯಾರಿಗೆ ಏನಾಯಿತೋ, ಎಲ್ಲಿ ಏನು ಬಿತ್ತೋ ಎಂದು ನನಗೆ ಚಿಂತೆ ಹತ್ತಿತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ನಾನು ಫೋನನ್ನು ತೆಗೆದುಕೊಂಡು, ತುದಿಗಾಲಿನಲ್ಲಿ ಬಾಲ್ಕನಿಗೆ ಹೋಗಿ, ಬಾಗಿಲೆಳೆದುಕೊಂಡೆ.

"ಹಲೋ, ಅಯ್ಯನವರು ಮಲಗಿದ್ದಾರೆ" ಎಂದೆ. "ಡ್ಯೂಟಿಯಲ್ಲಿ ನಾನಿದ್ದೇನೆ. ಹೇಳಿ."